ಸೊಲ್ಲು ನೆಲಕ್ಕೆ ಬೀಳಬಾರದು

ನನ್ನ ಕನ್ನಡಕದ ಅಂಗಡಿಯಲ್ಲಿ ಹಸಿರು ರೆಕ್ಸಿನ್ ಹೊದಿಸಿದ ಒಂದು ಸ್ಟೂಲಿದೆ. ವಾರವಿಡೀ ಮಧುಗಿರಿ ಪೇಟೆಯ ಜನ ಅದರ ಮೇಲೆ ಕೂತು, ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಎದುರಿನ ಗೋಡೆಯ ಅಕ್ಷರಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತಾ ಓದುತ್ತಾರೆ. ಕಾಣದ ಸಾಲು ಬಂದಾಗ ಊಹೆಯಿಂದ ಏನೋ ಓದಿ, ಸರಿಯಾಯಿತೇ ಎಂದು ನನ್ನ ಮುಖ ನೋಡುತ್ತಾರೆ. ಭಾನುವಾರ ಮಾತ್ರ ಆ ಸ್ಟೂಲು ಹಳೆಯ ಕಡಲೇಕಾಯಿ ಮಿಲ್ಲಿನ ಗೋದಾಮಿಗೆ ಹೋಗಿ ನನ್ನ ಡ್ರಮ್ಮುಗಳ ಹಿಂದೆ ನಿಲ್ಲುತ್ತಿತ್ತು, ಅದರ ಮೇಲೆ ನಾನು. ಬೇರೆ ದಿನಗಳಲ್ಲಿ ಜನರ ಕಣ್ಣುಗಳನ್ನು ಗೇಣು ದೂರದಿಂದ ನೋಡುವ ನಾನು ಭಾನುವಾರ ಮನುಷ್ಯರ ಬೆನ್ನುಗಳನ್ನಷ್ಟೇ ನೋಡುತ್ತಿದ್ದೆ. ಡ್ರಮ್ಮು ಬಾರಿಸುವವನ ಪಾಡೇ ಹಾಗೆ. ಕೇಳುವವರಿಗೆಲ್ಲ ಹಾಡುಗಾರರ ಮುಖ ಸಿಕ್ಕರೆ ಅವನ ಪಾಲಿಗೆ ಬರುವುದು ಬೆವರಿಗೆ ಅಂಟಿದ ಅಂಗಿ, ಕತ್ತಿನ ಹಿಂದಿನ ಕೂದಲು, ತಾಳಕ್ಕೆ ಏಳುವ ಹಿಮ್ಮಡಿ.

ನನ್ನ ಪಾಲಿನ ಬೆನ್ನುಗಳು ಮೂರು. ಎಡಕ್ಕೆ ಅಗಲವಾಗಿದ್ದದ್ದು ಗಂಗಾಧರನದು. ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು, ಬಾವಿಯ ಆಳದಿಂದ ಬಂದಂಥ ದನಿ. ಬಲಕ್ಕೆ ಒಂದು ಗಳಿಗೆಯೂ ಸುಮ್ಮನಿರದ ಬೆನ್ನು ನಯಾಜನದು. ಸಿರಾದ ಹೆದ್ದಾರಿಯ ಪಕ್ಕ ಟೈರಿನ ವ್ಯಾಪಾರ, ಲಾರಿಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಹರಿತವಾದ ಗಂಟಲು. ನಡುವೆ ತೆಳ್ಳಗೆ ನೆಟ್ಟಗೆ ನಿಲ್ಲುತ್ತಿದ್ದವನು ಓಬಳೇಶ. ಪಾವಗಡದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅವನ ದನಿ ದೊಡ್ಡದಲ್ಲ, ಆದರೆ ಸಾಲಿನ ಕೊನೆಯ ಅಕ್ಷರವನ್ನು ಬಿಡಲು ಮನಸ್ಸಿಲ್ಲದವನ ಹಾಗೆ ಎಳೆಯುತ್ತಿದ್ದ. ತುಮಕೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ಡಿಗ್ರಿ ಮುಗಿಸಿ ಮೂರು ತಾಲ್ಲೂಕಿನಿಂದ ಅವರು, ನಾಲ್ಕನೆಯದರಿಂದ ನಾನು, ವಾರಕ್ಕೊಮ್ಮೆ ಸೇರಿ ಹಳೆಯ ಇಂಗ್ಲಿಷ್ ರಾಕ್ ಹಾಡುಗಳನ್ನು ನಮ್ಮ ನಮ್ಮ ಊರಿನ ನಾಲಿಗೆಯಲ್ಲೇ ಹಾಡುತ್ತಿದ್ದೆವು. ನಯಾಜನ ಇಂಗ್ಲಿಷಿನಲ್ಲಿ ಉರ್ದುವಿನ ನಯವಿರುತ್ತಿತ್ತು, ಓಬಳೇಶನದರಲ್ಲಿ ತೆಲುಗಿನ ದೀರ್ಘ. ಗಂಗಾಧರನ ಇಂಗ್ಲಿಷ್ ಅಪ್ಪಟ ಕೊರಟಗೆರೆಯದು.

ನೀವು ಆ ಕಾಲದ ತಂಡಗಳನ್ನು ಕೇಳಿದ್ದರೆ ನಿಮಗೂ ಗೊತ್ತಿರುತ್ತದೆ, ಅವುಗಳಲ್ಲಿ ಎರಡು ಜಾತಿ. ಒಂದರಲ್ಲಿ ಒಬ್ಬನೇ ಹಾಡುಗಾರ, ಉಳಿದವರು ಅವನ ಪರಿವಾರ. ಅವನಿಗೆ ನೆಗಡಿಯಾದರೆ ಊರಿಗೆ ಊರೇ ಟಿಕೆಟ್ಟು ಹಿಂದಿರುಗಿಸಬೇಕು. ಇನ್ನೊಂದರಲ್ಲಿ ಇಬ್ಬರೋ ಮೂವರೋ ನಾಲ್ವರೋ ಎಲ್ಲರೂ ಮುಖ್ಯರು. ಬರೆದವನೇ ತನ್ನ ಹಾಡಿಗೆ ಮುಂದೆ ಬರುತ್ತಾನೆ, ಮುಗಿದೊಡನೆ ಹಿಂದೆ ಸರಿದು ಇನ್ನೊಬ್ಬನ ಹಾಡಿಗೆ ಒತ್ತಾಸೆಯಾಗುತ್ತಾನೆ. ಕೆಲವೊಮ್ಮೆ ಒಂದೇ ಹಾಡಿನ ಒಂದೊಂದು ಸಾಲು ಒಬ್ಬೊಬ್ಬನ ಬಾಯಲ್ಲಿ. ಕ್ಯಾಸೆಟ್ಟಿನ ಸುರುಳಿಯನ್ನು ಪೆನ್ಸಿಲಿನಿಂದ ತಿರುಗಿಸಿ ತಿರುಗಿಸಿ, ಈ ಸಾಲು ಯಾರದು, ಆ ನಿಟ್ಟುಸಿರು ಯಾರದು ಎಂದು ಹಾಸ್ಟೆಲಿನ ಮಂಚದ ಮೇಲೆ ನಾವು ಜಗಳವಾಡುತ್ತಿದ್ದೆವು. ಅಂಥ ತಂಡಗಳು ಒಳಗೊಳಗೇ ಕಿತ್ತಾಡಿಕೊಂಡು ಮುರಿದುಬಿದ್ದ ಕಥೆಗಳೂ ಗೊತ್ತಿದ್ದವು. ಆದರೂ ನಮಗೆ ಈ ಎರಡನೆಯ ಜಾತಿಯೇ ಇಷ್ಟ, ಏಕೆಂದರೆ ಅದರಲ್ಲಿ ರಾಜನಿಲ್ಲ.

ಇದು ಕಡಲಾಚೆಯಿಂದ ಬಂದದ್ದೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನನ್ನ ಅಜ್ಜಿ ಸೋಬಾನೆ ಹೇಳುವವಳು. ಚಪ್ಪರದಡಿ ಎರಡು ಗುಂಪಾಗಿ ಕೂತ ಹೆಂಗಸರಲ್ಲಿ ಒಬ್ಬಳ ಉಸಿರು ಕೊನೆಮುಟ್ಟುವಷ್ಟರಲ್ಲಿ ಎದುರಿನವಳು ಸಾಲನ್ನು ಎತ್ತಿಕೊಳ್ಳುತ್ತಿದ್ದಳು; ನಡುವೆ ಯಾರಿಗಾದರೂ ಕೆಮ್ಮು ಬಂದರೆ, ಮಗು ಅತ್ತರೆ, ಪಕ್ಕದವಳು ಎತ್ತಿಕೊಳ್ಳುತ್ತಿದ್ದಳು. "ಸೊಲ್ಲು ನೆಲಕ್ಕೆ ಬೀಳಬಾರ್ದು ಕಣ್ಲಾ" ಎನ್ನುವುದು ಅಜ್ಜಿಯ ಮಾತು. ಅದನ್ನು ನಾನು ಹಾಸ್ಟೆಲಿಗೆ ಕೊಂಡೊಯ್ದೆ, ನಮ್ಮ ತಂಡದ ಕಟ್ಟಳೆ ಅದೇ ಆಯಿತು. ಒಬ್ಬ ಮರೆತರೆ, ಒಬ್ಬನ ಗಂಟಲು ಕಟ್ಟಿದರೆ, ಉಳಿದವರು ಸಾಲು ಎತ್ತಿಕೊಳ್ಳಬೇಕು; ತಪ್ಪಿದ್ದು ಯಾರಿಗೂ ತಿಳಿಯಬಾರದು. ಹಾಗೆ ಎತ್ತಿಕೊಳ್ಳುವುದು ನಮಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಅದಕ್ಕೆ ಯೋಚನೆಯೇ ಬೇಕಿರಲಿಲ್ಲ. ಯೋಚನೆ ಬೇಕಿಲ್ಲದ ಒಳ್ಳೆಯ ಅಭ್ಯಾಸಗಳ ಬಗ್ಗೆ ನನಗೆ ಈಗ ಭಯ.

ತೋವಿನಕೆರೆಯಲ್ಲಿ ಗಂಗಾಧರನ ನೆಂಟರ ಮನೆಯ ಗೃಹಪ್ರವೇಶ. ಹಗಲೂಟದ ಹೊತ್ತಿಗೆ ಹಾಡಬೇಕೆಂದು ಕರೆದಿದ್ದರು. ಮನೆಯ ಮುಂದೆ ಚಪ್ಪರ. ಧೂಳು ಏಳದಿರಲೆಂದು ನೆಲಕ್ಕೆ ಚೆನ್ನಾಗಿ ನೀರು ಚಿಮುಕಿಸಿ ಅದರ ಮೇಲೆ ಜಮಖಾನ ಹಾಸಿದ್ದರು. ನಾವು ನಿಲ್ಲಬೇಕಾದ ಜಾಗದಲ್ಲೇ ಬೆಳಿಗ್ಗೆ ಪೂಜೆಯಾಗಿತ್ತು. ಮನೆಯ ಹಿರಿಯಾಕೆ ಬಂದು, "ಪೂಜೆ ಮಾಡಿದ ಜಾಗ ಕಣ್ರಪ್ಪ, ಮೆಟ್ಟು ಆಚೆಗೆ ಬುಟ್ಬುಡಿ" ಎಂದರು.

"ಅಮ್ಮಾ, ನಾನು ಬೂಟ್ ಬಿಚ್ಚಿದ್ರೆ ಸಾಕ್ಸ್ ವಾಸ್ನೆಗೆ ನಿಮ್ ನೆಂಟ್ರು ಊಟ ಬಿಟ್ಟು ಓಡ್ತಾರೆ" ಎಂದ ನಯಾಜ್.

"ಸಾಕ್ಸೂ ಬಿಚ್ಚು ಅಂಗಾದ್ರೆ. ಕಾಲು ತೊಳ್ಕೊ, ನೀರೈತೆ."

ಹೀಗೆ ನಾವು ನಾಲ್ವರೂ ಕಾಲು ತೊಳೆದುಕೊಂಡು, ಒದ್ದೆ ಪಾದಗಳಲ್ಲಿ, ಒದ್ದೆ ಜಮಖಾನದ ಮೇಲೆ ನಿಂತೆವು. ಲೈನು ಹೋಗಿತ್ತು. ಬಾಡಿಗೆಯ ಜನರೇಟರಿನಿಂದ ಒಂದು ವಯರು ಕಿಟಕಿ ದಾಟಿ ಬಂದಿತ್ತು. ಅದರ ಮೂರು ಕಾಲಿನ ಪಿನ್ನಿನಲ್ಲಿ ಅರ್ಥಿಂಗಿನ ಕಾಲು ಮುರಿದಿತ್ತು ಎಂದು ಆಮೇಲೆ ಗೊತ್ತಾಯಿತು. ಮೊದಲ ಹಾಡು ಚೆನ್ನಾಗಿಯೇ ಮುಗಿಯಿತು. ಎರಡನೆಯದು ಮೂವರೂ ಸಾಲು ಹಂಚಿಕೊಳ್ಳುವ ಹಾಡು. ಅದರ ಹೆಸರು ಹೇಳುವುದಿಲ್ಲ, ಈಗ ಬಾಯಿಗೆ ಬರುವುದಿಲ್ಲ.

ಓಬಳೇಶನ ಸಾಲು ಬಂತು. ಎಡಗೈ ಗಿಟಾರಿನ ತಂತಿಯ ಮೇಲಿತ್ತು. ಮೈಕು ಕೊಂಚ ಕೆಳಗಿದೆ ಅನ್ನಿಸಿತೋ ಏನೋ, ಬಲಗೈಯಿಂದ ಅದನ್ನು ಹಿಡಿದ. ಸಾಲಿನ ನಡುವೆ ದನಿ ನಿಂತಿತು. ನಿಂತದ್ದು ನಮ್ಮ ಕಿವಿಗೆ ಬೀಳುವ ಮೊದಲೇ ಗಂಗಾಧರ ಎತ್ತಿಕೊಂಡ. ನಯಾಜ್ ಅದಕ್ಕೆ ಮೇಲಿನ ಸ್ವರ ಸೇರಿಸಿದ. ಓಬಳೇಶನ ತಲೆ ಹಿಂದಕ್ಕೆ ವಾಲಿತ್ತು, ಬೆನ್ನು ಬಿಲ್ಲಿನಂತೆ ಸೆಟೆದಿತ್ತು. ಹಾಡಿನ ಹುಚ್ಚು ಹಿಡಿದವರು ನಿಲ್ಲುವುದೇ ಹಾಗೆ. ಮುಂದೆ ಕೂತಿದ್ದವರು ಫೋನು ಎತ್ತಿ ಹಿಡಿದರು, ಯಾರೋ ಸಿಳ್ಳೆ ಹಾಕಿದರು. ನಾನು ನೋಡುತ್ತಿದ್ದದ್ದು ಅವನ ಹಿಮ್ಮಡಿಯನ್ನು. ಮಲಗಿದ್ದಾಗಲೂ ಹಾಡು ಕೇಳಿದರೆ ಏಳುವ ಹಿಮ್ಮಡಿ ಅದು. ಅದು ಅಲ್ಲಾಡುತ್ತಿರಲಿಲ್ಲ.

ನನ್ನ ಕೈ ನಿಂತಿತು. ತಾಳ ಹೋದದ್ದಕ್ಕೆ ನಯಾಜ್ ತಿರುಗಿ, "ಕ್ಯಾ ಮಿಯಾ, ಕೈ ಉಳುಕ್ತಾ?" ಎಂದ. ನಾನು ಕೋಲನ್ನು ಓಬಳೇಶನ ಕಡೆ ಚಾಚಿದೆ. ನಯಾಜನಿಗೆ ಹೇಗೆ ಹೊಳೆಯಿತೋ, ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ಅದರ ಕಾಲುಗಳಿಂದ ಮೈಕಿನ ಕಂಬವನ್ನು ನೂಕಿದ. ಕಂಬ ಒಂದು ಕಡೆ ಬಿತ್ತು, ಓಬಳೇಶ ಇನ್ನೊಂದು ಕಡೆ. ಗಂಗಾಧರ ಮಾತ್ರ ಇನ್ನೂ ತನ್ನ ಮೈಕಿನ ಮುಂದೆ ಬಾಯಿ ತೆರೆದುಕೊಂಡೇ ನಿಂತಿದ್ದ. ಓಬಳೇಶನ ಸಾಲಿನ ಕೊನೆಯ ಪದ ಅವನ ಬಾಯಲ್ಲಿತ್ತು.

ಉಸಿರಿತ್ತು. ಕಾರಿನಲ್ಲಿ ಕೊರಟಗೆರೆಯ ಆಸ್ಪತ್ರೆ ಮುಟ್ಟುವವರೆಗೂ ನಾನು ಅವನ ಎದೆಯ ಮೇಲಿನ ಕೈ ತೆಗೆಯಲಿಲ್ಲ. ಸಂಜೆಗೆ ಎಚ್ಚರವಾಯಿತು. ಗುಂಡಿಗೆ ಸರಿಯಿದೆ, ಒಂದು ದಿನ ಇಲ್ಲೇ ಇರಲಿ ಎಂದರು ಡಾಕ್ಟರು. ಅಂಗೈಯಲ್ಲಿ ಕರೆಂಟು ಸುಟ್ಟ ಬಿಳಿ ಗೆರೆ ಮೂಡಿತ್ತು. ನಾವು ಮೂವರೂ ಮಂಚದ ಸುತ್ತ ನಿಂತಿದ್ದೆವು, ನಯಾಜ್ ಏನೋ ತಮಾಷೆ ಹುಡುಕುತ್ತಿದ್ದ, ಆಗ ಓಬಳೇಶ ನಿಧಾನವಾಗಿ ಹೇಳಿದ: "ನಂಗೆ ಎಲ್ಲಾ ಕೇಳಿಸ್ತಿತ್ತು ರಾ. ಕೈ ಬಿಡಕ್ಕೆ ಆಗ್ತಿರ್ಲಿಲ್ಲ, ಕೂಗಕ್ಕೆ ಆಗ್ತಿರ್ಲಿಲ್ಲ. ನನ್ ಸಾಲು ಗಂಗ ಎತ್ಕೊಂಡ. ಚೆನ್ನಾಗೇ ಎತ್ಕೊಂಡ. ಸರಿ, ಇನ್ನ ಯಾರೂ ತಿರುಗಿ ನೋಡಲ್ಲ ಅನ್ಕೊಂಡೆ."

ಗಂಗಾಧರ ಹೊರಗೆ ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ. ಅವತ್ತಿನಿಂದ ಅವನು ಹಾಡಲಿಲ್ಲ. ಓಬಳೇಶನೂ ಭಾನುವಾರ ಬರಲಿಲ್ಲ, ಫೋನು ಮಾಡಿದರೆ, "ನಾನಿಲ್ದಿದ್ರೂ ಹಾಡು ನಡೀತೈತಲ್ಲಪ್ಪ, ನಡೀಲಿ. ಏಂ ಪರ್ವಾಲೇದು" ಎಂದು ಇಟ್ಟುಬಿಡುತ್ತಿದ್ದ. ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪವಿದ್ದಿದ್ದರೆ ನಾವು ಏನಾದರೂ ಹೇಳಬಹುದಿತ್ತು.

ನನ್ನ ವಿಷಯ ಹೇಳುತ್ತೇನೆ. ಹೊರಗಿನಿಂದ ನೋಡಿದರೆ ನಾನು ಚೆನ್ನಾಗಿದ್ದೇನೆ. ಆದರೆ ಅಂಗಡಿಯಲ್ಲಿ ಅಕ್ಷರ ಓದುತ್ತಿರುವವರು ನಡುವೆ ಮೌನವಾದರೆ ನಾನು ಎದ್ದು ನಿಲ್ಲುತ್ತೇನೆ. "ಏನಾಯ್ತು?" ಎಂದರೆ ಅವರು ಗಾಬರಿಯಾಗಿ, "ಏನಿಲ್ಲ ಸಾರ್, ಕಾಣ್ತಿಲ್ಲ ಅಷ್ಟೆ" ಎನ್ನುತ್ತಾರೆ. ಮನೆಯಲ್ಲಿ ಮಿಕ್ಸಿ ನಿಂತರೆ ಅಡುಗೆಮನೆಗೆ ಓಡುತ್ತೇನೆ. "ಚಟ್ನಿ ಆಯ್ತು ಅಂತ ನಿಲ್ಸಿದೆ ಕಣ್ರೀ, ಹೋಗಿ ಕೂತ್ಕಳಿ" ಎನ್ನುತ್ತಾಳೆ ಹೆಂಡತಿ. ಬಸ್ಸಿನ ಸಾಲಿನಲ್ಲಿ ನಿಂತವರ ಹಿಮ್ಮಡಿಗಳನ್ನು ನೋಡುತ್ತೇನೆ. ಅವತ್ತು ಯಾರೋ ತೆಗೆದ ವಿಡಿಯೋ ನನ್ನ ಫೋನಿಗೂ ಬಂತು. ಮೊದಲು ಸದ್ದಿಲ್ಲದೆ ನೋಡಿದೆ: ಬಿಲ್ಲಿನಂತೆ ಸೆಟೆದ ಒಬ್ಬ ಮನುಷ್ಯ, ಅವನ ಎರಡೂ ಕಡೆ ನಗುನಗುತ್ತಾ ಹಾಡುವ ಇಬ್ಬರು. ಆಮೇಲೆ ಕಣ್ಣು ಮುಚ್ಚಿ ಕೇಳಿದೆ. ಅದು ಇನ್ನೂ ಕಷ್ಟ. ನನ್ನ ತಾಳ ನಿಲ್ಲುವವರೆಗೆ ಹಾಡಿನಲ್ಲಿ ಎಲ್ಲೂ ಬಿರುಕಿಲ್ಲ. ಒಬ್ಬ ಸಾಯುತ್ತಿರುವುದು ಹಾಡಿನಲ್ಲಿ ಎಲ್ಲೂ ಕೇಳಿಸುವುದಿಲ್ಲ. ನಾವು ಅಷ್ಟು ವರ್ಷ ಭಾನುವಾರಗಳನ್ನು ಸುರಿದು ಸಾಧಿಸಿದ್ದು ಇದನ್ನೇ ತಾನೆ?

ಅಂಥ ಹಳೆಯ ತಂಡಗಳಲ್ಲಿ ಒಬ್ಬ ತೀರಿಕೊಂಡಾಗ ಉಳಿದವರು ವೇದಿಕೆಯ ಮೇಲೆ ಅವನ ಸಾಲುಗಳನ್ನು ತಾವೇ ಹಾಡುವುದುಂಟು. ಜನ ಅಳುತ್ತಾ ಚಪ್ಪಾಳೆ ತಟ್ಟುತ್ತಾರೆ. ನಾನೂ ಅಂಥದ್ದನ್ನು ನೋಡಿ ಕಣ್ಣೊರೆಸಿಕೊಂಡವನೇ. ಗೆಳೆಯನಿಗೆ ಅದಕ್ಕಿಂತ ದೊಡ್ಡ ಗೌರವವಿಲ್ಲ ಎಂದುಕೊಂಡಿದ್ದೆ. ಈಗ ಆ ಸಾಲಿನ ಒಡೆಯ ಎಲ್ಲೋ ಕೂತು ಕೇಳಿಸಿಕೊಳ್ಳುತ್ತಿದ್ದರೆ ಅವನಿಗೆ ಏನನ್ನಿಸೀತು ಎಂಬ ಯೋಚನೆ ನಿದ್ದೆ ಕೆಡಿಸುತ್ತದೆ. ಅಜ್ಜಿಯ ಮಾತು ಸುಳ್ಳಲ್ಲ. ಮನೆಯೂ ನಡೆಯುವುದು ಹೀಗೆಯೇ, ಅಪ್ಪ ಮಲಗಿದ ದಿನ ಮಗ ಅಂಗಡಿಯ ಬಾಗಿಲು ತೆರೆಯುತ್ತಾನೆ, ಅಮ್ಮನ ಜ್ವರಕ್ಕೆ ಒಲೆ ಆರುವುದಿಲ್ಲ. ಆದರೆ ಸೋಬಾನೆಯ ಹೆಂಗಸರು ಎದುರೆದುರು ಕೂರುತ್ತಿದ್ದರು. ಕೆಮ್ಮಿದವಳ ಮುಖ ಎತ್ತಿಕೊಂಡವಳಿಗೆ ಕಾಣುತ್ತಿತ್ತು. ಹಾಡುತ್ತಲೇ ನೀರಿನ ಚೊಂಬನ್ನು ಮುಂದಕ್ಕೆ ಸರಿಸುತ್ತಿದ್ದಳು. ನಾವು ಮಾತ್ರ ಎಲ್ಲರೂ ಜನರ ಕಡೆ ಮುಖ ಮಾಡಿ ನಿಂತಿದ್ದೆವು.

ಕೊನೆಗೆ ಒಂದು ಭಾನುವಾರ ನಾವು ಮೂವರೇ ಪಾವಗಡಕ್ಕೆ ಹೊರಟೆವು. ನಯಾಜ್ ಕಾರು ಓಡಿಸುತ್ತಿದ್ದ, ಕರೆಂಟು ಬೇಡದ ಮರದ ಗಿಟಾರು ಹಿಂದಿನ ಸೀಟಿನಲ್ಲಿ ಗಂಗಾಧರನ ಪಕ್ಕದಲ್ಲಿತ್ತು. "ಅದೇ ಹಾಡು ಹಾಡಾಣ" ಎಂದ ನಯಾಜ್. "ಅವನ ಸಾಲು ಯಾರೂ ಮುಟ್ಟಬಾರ್ದು. ಬೀಳ್ಲಿ ನೆಲಕ್ಕೆ." ಗಂಗಾಧರ ಕಿಟಕಿಯಾಚೆ ಬಂಡೆಗಳನ್ನು ನೋಡುತ್ತಾ, "ನಂಗೆ ಬಾಯಿ ಬರಾಕಿಲ್ಲ ಕಣ್ಲಾ" ಎಂದ. "ಬರದಿದ್ರೆ ಗುಣುಗು, ಯಾರ್" ಎಂದ ನಯಾಜ್.

ಓಬಳೇಶ ಮನೆಯ ಮುಂದಿನ ಬೇವಿನ ಮರದಡಿ ಉತ್ತರ ಪತ್ರಿಕೆ ತಿದ್ದುತ್ತಿದ್ದ. ನಮ್ಮನ್ನು ನೋಡಿ ನಕ್ಕ, ಕುರ್ಚಿ ತರಿಸಿದ, ಗಿಟಾರು ನೋಡಿ ಮತ್ತೆ ಪತ್ರಿಕೆಗೆ ಬಗ್ಗಿದ. ನಾವು ಅವನೆದುರು ಅರ್ಧ ವೃತ್ತದಲ್ಲಿ ಕೂತೆವು. ನಾನು ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡೆ. ನನಗೆ ಅವನ ಮುಖ ಕಾಣುತ್ತಿತ್ತು. ಹಾಡು ನಡೆಯುವಾಗ ಅವನ ಮುಖ ಹೇಗಿರುತ್ತದೆ ಎಂದು ಇಷ್ಟು ವರ್ಷದಲ್ಲಿ ನಾನು ನೋಡಿರಲೇ ಇಲ್ಲ.

ನಯಾಜ್ ಶುರು ಮಾಡಿದ, ಗಂಗಾಧರ ಗುಣುಗಿದ. ಓಬಳೇಶನ ಸಾಲು ಬಂದಾಗ ಇಬ್ಬರೂ ಬಾಯಿ ಮುಚ್ಚಿದರು. ಬಕೆಟ್ಟಿನ ಮೇಲೆ ನನ್ನ ಬೆರಳಷ್ಟೇ ನಡೆಯಿತು. ಅವನು ತಲೆ ಎತ್ತಲಿಲ್ಲ. ಮುಂದಿನ ಸಾಲಿಗೆ ಹೋದೆವು. ಎರಡನೆಯ ಸಲವೂ ಹಾಗೆಯೇ ಆಯಿತು. ಕಾಫಿ ತಂದ ಅವನ ಹೆಂಡತಿ ಪದ್ಮ, "ಇದೇನಣ್ಣಾ ಹಾಡು, ಮುಂದಿನ ಹಲ್ಲು ಬಿದ್ದಂಗೈತೆ" ಎಂದಳು. ನಾವು ಲೋಟ ಬದಿಗಿಟ್ಟು ಮೂರನೆಯ ಸಲ ಶುರು ಮಾಡಿದೆವು.

ಈ ಸಲ ಓಬಳೇಶ ಪೆನ್ನು ಮುಚ್ಚಿದ. "ನಿಲ್ಸ್ರಿ" ಎಂದ. "ನನ್ ಸಾಲಿಗೆ ಇಷ್ಟೇನಾ ಜಾಗ ಬಿಡೋದು? ಅರ್ಧಕ್ಕೇ ನುಗ್ತೀರಲ್ಲ."

"ಇಷ್ಟೇ ತಾನೆ ಇರೋದು?" ಎಂದೆ.

"ಎಲ್ಲಿ ರಾ ಇಷ್ಟೇ? ಕೊನೇಲಿ ನಾನು ಎಳೀತೀನಿ. ನೀನು ಅದನ್ನ ತಿಂದ್ಬುಟ್ಟೆ." ಕೈಬೆರಳಿನಲ್ಲಿ ಎಣಿಸಿ ತೋರಿಸಿದ. ನಾನು ಬಾರಿಸಿದೆ. ಅಲ್ಲ ಎಂದ. ಮತ್ತೆ ಎಣಿಸಿದ, ಮತ್ತೆ ಬಾರಿಸಿದೆ. ಲೆಕ್ಕದ ಮೇಷ್ಟ್ರಿಗೆ ತನ್ನ ಎಳೆತದ ಲೆಕ್ಕವೇ ಸಿಗುತ್ತಿರಲಿಲ್ಲ. ನಯಾಜ್, "ಬಾಯಲ್ಲಿ ಹೇಳಯ್ಯಾ, ಬೆರಳಿಗೆ ಏನು ಗೊತ್ತಾಗತ್ತೆ" ಎಂದ. ಓಬಳೇಶ ಸುಟ್ಟ ಅಂಗೈಯನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡ. ಆಮೇಲೆ, ನಮಗೆ ಅಳತೆ ತೋರಿಸಲಿಕ್ಕಷ್ಟೇ ಎಂಬಂತೆ, ತೀರಾ ಸಣ್ಣ ದನಿಯಲ್ಲಿ ತನ್ನ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದ. ಕೊನೆಯ ಅಕ್ಷರವನ್ನು ಎಳೆದ. ನಾವು ಬಿಟ್ಟಿದ್ದ ಜಾಗಕ್ಕಿಂತ ಅದು ಬಹಳ ದೊಡ್ಡದಿತ್ತು.

"ಇಷ್ಟು" ಎಂದ.

ಮುಂದಿನ ಸಾಲು ಗಂಗಾಧರನದು. ಅವನು ನೆಲ ನೋಡುತ್ತಿದ್ದ. ನಯಾಜ್ ಗಿಟಾರಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದ, ನಾನು ತಾಳ ಬಿಟ್ಟಿದ್ದೆ. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

"ಎತ್ಕೊಳ್ಲಾ ಗಂಗ" ಎಂದ ಓಬಳೇಶ. "ಈಗ ನಿಂದು."

ಗಂಗಾಧರನಿಗೆ ತಕ್ಷಣ ದನಿ ಬರಲಿಲ್ಲ. ನಾವು ಅವನ ಮುಖ ನೋಡುತ್ತಾ ಕಾದೆವು.