ಕುಂಕುಮವಿಟ್ಟ ಫ್ಲಾಪಿ

ನಮ್ಮ ಮಣಿಪಾಲದ ಆಫೀಸಿನಲ್ಲಿ ಧೂಳು ಒರೆಸುತ್ತಿದ್ದ ಸಿಸಿಲಿಯಾ ಬಾಯಿ ಕಂಪ್ಯೂಟರಿನೊಳಗಿದ್ದ ಫ್ಲಾಪಿಯನ್ನು ಎಳೆದೇಬಿಟ್ಟರು. ನಾನು ಹೌಹಾರಿದೆ. 1988ರಲ್ಲಿ ಬಂದ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಆಪರೇಟಿಂಗ್ ಸಿಸ್ಟಮ್ ತುಂಬಿಸಿದ ಧೀರ ನಾನೇ. ಅಂದು ಆ ಸಿಸ್ಟಮ್ ಇದ್ದ ಫ್ಲಾಪಿಯ ಲೇಬಲ್ಲಿಗೆ ಕುಂಕುಮವಿಟ್ಟು ಪೂಜೆ ಮಾಡಿದ್ದೆ. ಪೂಜೆಯಾದದ್ದನ್ನು ಕದಲಿಸಬಾರದೆಂದು ಅದನ್ನು ಒಳಗೇ ಬಿಟ್ಟು, ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ್ದೆ.

ಗಾಬರಿಯಿಂದ ಸ್ವಿಚ್ ಹಾಕಿದೆ. ಸಿಸ್ಟಮ್ಮೇ ಇಲ್ಲವೆಂದು ಪರದೆ ಹೇಳಿತು. ಫ್ಲಾಪಿ ತುರುಕಿದೆ, ಎಲ್ಲ ಸರಿಯಾಯಿತು. ಎರಡು ತಿಂಗಳಿಂದ ಕಂಪ್ಯೂಟರನ್ನು ನಡೆಸುತ್ತಿದ್ದುದು ಆ ಫ್ಲಾಪಿಯೇ. “ಅಯ್ಯೋ, ಹಾರ್ಡ್ ಡಿಸ್ಕಿಗೆ ನಾನು ಸಿಸ್ಟಮ್ ಹಾಕಿರಲೇ ಇಲ್ಲ!” ಎಂದು ಉದ್ಗರಿಸಿದೆ.

“ಹಾಗಾದರೆ ಅವತ್ತು ಇಡೀ ದಿನ ಕೂತು ನೀವು ಮಾಡಿದ್ದು ಎಂತ ಸರ್?” ಎಂದರು ಸಿಸಿಲಿಯಾ ಬಾಯಿ.

ಈಗಲೂ ಯಾರಾದರೂ ನನ್ನನ್ನು ಕಂಪ್ಯೂಟರ್ ತಜ್ಞ ಎಂದು ಹೊಗಳಿದರೆ, ಒರೆಸುವ ಬಟ್ಟೆ ಹಿಡಿದವರು ಹತ್ತಿರದಲ್ಲಿ ಇದ್ದಾರೆಯೇ ಎಂದು ಮೊದಲು ನೋಡಿಕೊಳ್ಳುತ್ತೇನೆ.