‘ಏನಿಲ್ಲ’ ಅಂದರೆ ಹಳದಿ

ಬೆಳಗಿನ ಐದೂವರೆ. ಮೂರನೇ ಮಹಡಿಯ ಕಚೇರಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ, ಕುರ್ಚಿಗೆ ಹಳೇ ಟವೆಲ್ ಹಾಸಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಐವತ್ತಾರರ ಹೆಂಗಸೊಬ್ಬರು ಕಂಪ್ಯೂಟರ್ ಪರದೆಯನ್ನು ಗದರಿಸುತ್ತಿದ್ದಾರೆ. ‘ಏನಿಲ್ಲವಂತೆ! ಏನಿಲ್ದೇ ಇದ್ರೆ ನಾಲ್ಕು ಸಲ ಯಾಕೆ ಬರೀತಾಳೆ?’

ಹದಿಹರೆಯದವರು ಮನಸ್ಸಿನ ದುಗುಡ ಹೇಳಿಕೊಳ್ಳಲೆಂದು ಸಣ್ಣ ಸಂಸ್ಥೆಯೊಂದು ಮೊಬೈಲ್ ಆ್ಯಪ್ ಮಾಡಿದೆ. ಅವರೊಡನೆ ಮಾತಾಡುವುದು ಕೃತಕ ಬುದ್ಧಿಮತ್ತೆ. ಪ್ರತಿ ಮಾತುಕತೆಗೂ ಬಣ್ಣ ಹಚ್ಚುವುದೂ ಅದೇ: ಹಸಿರೆಂದರೆ ಕ್ಷೇಮ, ಕೆಂಪೆಂದರೆ ಅಪಾಯ, ಆಪ್ತಸಮಾಲೋಚಕರು ತಕ್ಷಣ ಮಾತಾಡಿಸಬೇಕು. ಆ ಬಣ್ಣ ತಪ್ಪಿದ್ದರೆ ತಿದ್ದುವುದು ದೀಪದ ಕೆಳಗೆ ಕೂತ ಇವರ ಕೆಲಸ. ಯಂತ್ರದ ಎಡವಟ್ಟು ಒಂದೆರಡಲ್ಲ. ‘ನಕ್ಕು ನಕ್ಕು ಸತ್ತೆ’ ಎಂದು ಹುಡುಗನೊಬ್ಬ ಬರೆದರೆ ಎದ್ದೆನೋ ಬಿದ್ದೆನೋ ಎಂದು ಕೆಂಪು ಹಚ್ಚುತ್ತದೆ. ‘ಏನಿಲ್ಲ, ಸುಮ್ನೆ ಬಂದೆ’ ಎಂದವಳಿಗೆ ಹಸಿರು ಹಚ್ಚಿ, ನಗುವ ಮುಖವೊಂದನ್ನು ಕಳಿಸಿ ಮಾತು ಮುಗಿಸುತ್ತಿತ್ತು.

ಇವರು ಹಟ ಹಿಡಿದು ಆ ನಗುಮುಖವನ್ನು ಕಿತ್ತು ಹಾಕಿಸಿದರು, ಮೂರನೆಯ ಬಣ್ಣವೊಂದನ್ನು ಸೇರಿಸಿದರು. ಹಳದಿ ಒತ್ತಿದರೆ ಆಪ್ತಸಮಾಲೋಚಕರೊಬ್ಬರು ಆ ಮಗುವನ್ನು ಮತ್ತೊಮ್ಮೆ ವಿಚಾರಿಸಲೇಬೇಕು. ಪರದೆಯ ವಿನ್ಯಾಸ ಮಾಡುವವರು ಮೊದಲು ಗೊಣಗಿದ್ದರು. ಈಗ ಅವರಿಗೂ ಇವರು ‘ಹಳದಿ ಅಕ್ಕ’.

ಅಕ್ಕ ಹಿಂದೆ ಇಪ್ಪತ್ತೊಂದು ವರ್ಷ ಹುಡುಗಿಯರ ಹಾಸ್ಟೆಲಿನಲ್ಲಿ ಹಾಜರಿ ತೆಗೆದುಕೊಳ್ಳುತ್ತಿದ್ದವರು. ‘ಒಂದಿನ ಒಬ್ಬಳು ಬಾಗಿಲ ಹಿಂದಿಂದ “ಏನಿಲ್ಲ ಅಕ್ಕ, ತಲೆನೋವು” ಅಂದ್ಲು. ನಂಬಿ ಮುಂದಿನ ರೂಮಿಗೆ ಹೋದೆ. ಆಮೇಲೆ ಆಸ್ಪತ್ರೆಗೆ ಹೊತ್ಕೊಂಡು ಓಡಬೇಕಾಯ್ತು. ಜೀವ ಉಳೀತು, ಓದು ಅಲ್ಲಿಗೇ ನಿಂತೋಯ್ತು. ಇನ್ನೊಂದು ಸಲ ಬಾಗಿಲು ಬಡಿದಿದ್ರೆ ನನ್ನ ಗಂಟೇನು ಹೋಗ್ತಿತ್ತು?’ ಎನ್ನುತ್ತಾರೆ. ಅಂದಿನಿಂದ ಆ ಪದಕ್ಕೂ ಇವರಿಗೂ ಎಣ್ಣೆ ಸೀಗೇಕಾಯಿ. ‘ಫ್ರಿಜ್ಜಲ್ಲಿ ಏನಿಲ್ಲ ಅಂದ್ರೂ ಅಮ್ಮ “ನಿಜ ಹೇಳು” ಅಂತಾಳೆ’ ಎಂದು ಮಗಳು ನಗುತ್ತಾಳೆ.

ದಿನಕ್ಕೆ ಮುನ್ನೂರು ಮಾತುಕತೆ ಓದುತ್ತಾರೆ. ನಲವತ್ತಕ್ಕೆ ಹಳದಿ ಬೀಳುತ್ತದೆ. ಸಮಾಲೋಚಕರು ಇರುವುದು ಮೂವರೇ, ಹತ್ತು ದಾಟಬೇಡಿ ಎಂದು ಮೇಲಿನವರು ಹೇಳಿದರು. ಅಕ್ಕ ಜಗ್ಗಲಿಲ್ಲ. ‘ನಿಮ್ಮ ನಲವತ್ತರಲ್ಲಿ ಮೂವತ್ತು ಸುಮ್ನೆ’ ಎಂದು ಮ್ಯಾನೇಜರ್ ಸಿಡುಕಿದಾಗ, ‘ಹೌದು ಸಾರ್, ಮಿಕ್ಕ ಹತ್ತು?’ ಎಂದು ಕೇಳಿದರಂತೆ. ಉತ್ತರವಾಗಿ ಬಂದದ್ದು ಒಂದು ಪತ್ರ. ಬರುವ ತಿಂಗಳಿಂದ ಹಳದಿಯೇ ಇರುವುದಿಲ್ಲ, ಒಪ್ಪಿ ಸಹಿ ಹಾಕಿ. ಇವರ ಬಗ್ಗೆ ಬರೆಯಲೆಂದು ಬಂದು ಅದನ್ನು ಓದಿದ ನನಗೇ ಮೈ ಉರಿಯಿತು. ಪತ್ರ ಒಂಬತ್ತು ದಿನದಿಂದ ಸಹಿಯಿಲ್ಲದೆ ಮೇಜಿನ ಮೇಲೆ ಬಿದ್ದಿದೆ.

ಹಳದಿ ಹೋದ ಮೇಲೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಅಕ್ಕ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

‘ಎರಡೇ ಬಣ್ಣ ಉಳಿಸ್ತಾರಾ? ಉಳಿಸ್ಲಿ. ನಲವತ್ತಕ್ಕೂ ಕೆಂಪೇ ಒತ್ತೀನಿ. ಕೆಲಸದಿಂದ ತೆಗೆದ್ರೆ ತೆಗೀಲಿ. “ಏನಿಲ್ಲ” ಅನ್ನೋ ಮಗೂಗೆ ಹಸಿರು ಒತ್ತೋ ಬೆರಳು ಮಾತ್ರ ನಂದಲ್ಲ.’