ಸೈಕಲ್ಲು, ನೂಲು ಹಗ್ಗ ಮತ್ತು ಟಿಕ್ ಟಿಕ್ ಪಟ್ಟಿ

ನಾನು ಕಟ್ಟಿದ ಲೋಡು ಇವತ್ತಿನವರೆಗೆ ಬಿದ್ದಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಶುರು ಮಾಡಿದರೆ ಸಾಕು, ನನ್ನ ಹೆಂಡತಿ ಮುಗಿಸಿಬಿಡುತ್ತಾಳೆ. ಆದರೂ ಹೇಳುತ್ತೇನೆ, ಯಾಕೆಂದರೆ ಅದು ನಿಜ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಚಿಕ್ಕಪೇಟೆಯಲ್ಲಿ ಬಟ್ಟೆ ಬೇಲು ಕಟ್ಟುವ ಕೆಲಸಕ್ಕೆ ನಿಂತವನು ನಾನು. ಈಗ ನನ್ನವೇ ಎರಡು ಟೆಂಪೋಗಳಿವೆ. ಚಿಕ್ಕಪೇಟೆಯ ಬಟ್ಟೆ, ಸುಲ್ತಾನ್‌ಪೇಟೆಯ ಮದುವೆ ಪತ್ರಿಕೆಗಳ ಬಂಡಲು, ಏನು ಸಿಕ್ಕರೂ ಸಾಗಿಸುತ್ತೇವೆ. ಹೊರುವುದಕ್ಕೆ ಜನ ಇದ್ದಾರೆ, ಓಡಿಸುವುದಕ್ಕೆ ಜನ ಇದ್ದಾರೆ. ಹಗ್ಗ ಮಾತ್ರ ಬೇರೆಯವರ ಕೈಗೆ ಕೊಟ್ಟವನಲ್ಲ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಬ್ಬೊಬ್ಬರ ಗಂಟು ಒಂದೊಂದು ಥರ. ತೆರೆದ ಟೆಂಪೋ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಕೈ ಹಾಕುವವರು ಆಗ ಇದ್ದರು, ಈಗಲೂ ಇದ್ದಾರೆ. ಅದಕ್ಕೇ ನನಗೆ ಕೆಲಸ ಕಲಿಸಿದ ಯಜಮಾನರು ಮೊದಲ ದಿನವೇ ಹೇಳಿದ್ದರು: "ಗಂಟು ಅಂದ್ರೆ ಕಟ್ಟಿದೋನ ಕೈಗೆ ಮಾತ್ರ ಬಿಚ್ಚಬೇಕು ಕಣೋ. ಇನ್ನೊಬ್ಬ ಬಿಚ್ಚಿದ ಅಂದ್ರೆ ನೀನು ಕಟ್ಟೇ ಇಲ್ಲ ಅಂತ." ತುದಿ ಎಳೆದರೆ ಸರ್ರನೆ ಬಿಚ್ಚಿಹೋಗುವ ಜೀರುಗುಣಿಕೆ ಹಾಕುವವರನ್ನು ಕಂಡರೆ ನಮಗೆಲ್ಲ ನಗು. ಪೈಜಾಮದ ಲಾಡಿಗೆ ಹಾಕೋ ಗಂಟು ಅದು ಎನ್ನುತ್ತಿದ್ದೆವು. ನನ್ನ ಗಂಟಿನ ತುದಿ ಎಲ್ಲಿದೆ ಎಂದು ಹುಡುಕುವುದಕ್ಕೇ ಹೊಸಬನಿಗೆ ಕಾಲು ಗಂಟೆ ಬೇಕು.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಸೈಕಲ್ಲಿನ ಹುಚ್ಚು. ಪಿಯುಸಿ ಓದುತ್ತಿದ್ದಾಳೆ. ಚಾಮರಾಜಪೇಟೆಯ ನಮ್ಮ ಬೀದಿಯಿಂದ ಬಸವನಗುಡಿಯ ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದವಳು, ಯಾವುದೋ ಕೋಚ್ ಕಣ್ಣಿಗೆ ಬಿದ್ದು ರೇಸಿಗೆ ಇಳಿದಳು. ಬೆರಳಿನಲ್ಲಿ ಎತ್ತಬಹುದಾದಷ್ಟು ಹಗುರ ಸೈಕಲ್ಲು ಬಂತು. ರೇಸು ಊರೊಳಗೆ ನಡೆಯುವುದಿಲ್ಲವಲ್ಲ. ಊರಾಚೆ ಎಲ್ಲೋ, ಬೆಳಗ್ಗೆ ಆರಕ್ಕೆ ಸ್ಟಾರ್ಟು. ಅದಕ್ಕೆಂದೇ ಹಳೇ ಕಾರು ತೆಗೆದುಕೊಂಡೆ. ಸೈಕಲ್ಲನ್ನು ಕಾರಿನ ಹಿಂದೆ ಕೂರಿಸುವ ಸ್ಟ್ಯಾಂಡು ನೋಡೋಣ ಅಂತ ಬಸವನಗುಡಿಯ ಒಂದು ಅಂಗಡಿಗೆ ಮಗಳೇ ಎಳೆದುಕೊಂಡು ಹೋದಳು.

ಗೋಡೆಯ ಮೇಲೆ ಮೂರು ಥರದ್ದು ತೂಗುಹಾಕಿದ್ದರು. ಅಂಗಡಿಯ ಹುಡುಗ, ಇಪ್ಪತ್ತೈದು ವರ್ಷವಿರಬೇಕು, ಒಂದೊಂದನ್ನೇ ಮುಟ್ಟಿ ತೋರಿಸಿದ.

"ಇದು ಬೇಸಿಕ್ ಅಂಕಲ್. ಹಗ್ಗ ನೀವೇ ಕಟ್ಕೋಬೇಕು. ಇದಕ್ಕೆ ರಬ್ಬರ್ ಪಟ್ಟಿ ಇದೆ, ಎಳೆದ್ರೆ ಟಿಕ್ ಟಿಕ್ ಅಂತ ಹಲ್ಲು ಕಚ್ಕೊಳತ್ತೆ, ಒತ್ತಿದ್ರೆ ಬಿಟ್ಕೊಳತ್ತೆ. ಬೀಗನೂ ಇದೆ. ಇನ್ನು ಇದು ಟಾಪ್. ಕಾಲಲ್ಲಿ ಹಿಂಗೆ ಒತ್ತಿದ್ರೆ ಸೈಕಲ್ ಸಮೇತ ಹಿಂದಕ್ಕೆ ಬಾಗತ್ತೆ. ಸೈಕಲ್ ಇಳಿಸದೇ ಡಿಕ್ಕಿ ತೆಗೀಬಹುದು."

ರೇಟು ಕೇಳಿದೆ. ಹೇಳಿದ.

"ಅಷ್ಟು ದುಡ್ಡಿಗೆ ನನ್ನ ಟೆಂಪೋಗೆ ಟೈರ್ ಬರತ್ತೆ ಗುರು."

"ಅನುಕೂಲಕ್ಕೆ ಅಲ್ವಾ ಅಂಕಲ್."

"ಅನುಕೂಲ ಕೈಯಲ್ಲಿರಬೇಕಪ್ಪ, ಪ್ಲಾಸ್ಟಿಕ್‌ನಲ್ಲಲ್ಲ."

ಮಗಳು "ಅಪ್ಪಾ, ಪ್ಲೀಸ್" ಎಂದು ನನ್ನ ತೋಳು ಜಗ್ಗಿ ಹೊರಗೆ ಕರೆತಂದಳು. ಅವಳಿಗೆ ನಾಚಿಕೆಯಾಗಿತ್ತು. ನನಗೆ ಏನೂ ಆಗಿರಲಿಲ್ಲ. ಅದೇ ವಾರ ಪರಿಚಯದ ವೆಲ್ಡಿಂಗ್ ಅಂಗಡಿಯಲ್ಲಿ ಮುಂದೆ ನಿಂತು ಕಬ್ಬಿಣದ ಪೈಪು ಬಗ್ಗಿಸಿ, ಬಂಪರಿನ ಹತ್ತಿರ ಬೋಲ್ಟು ಹಾಕಿಸಿದೆ. ಹೊರಕ್ಕೆ ಚಾಚಿದ ಪೈಪಿನ ಎರಡು ಕೈಗಳಿಗೆ ಹಳೇ ಟ್ಯೂಬು ಸುತ್ತಿದೆ. ಸೈಕಲ್ಲು ಕಾರಿನ ನಂಬರನ್ನು ಮುಚ್ಚಿದರೆ ಪೊಲೀಸರು ಹಿಡಿಯುತ್ತಾರೆಂದು ಆ ಪೈಪಿಗೇ ಇನ್ನೊಂದು ನಂಬರ್ ಪ್ಲೇಟನ್ನೂ ಕೂರಿಸಿದೆ. ಉಳಿದದ್ದು ನನ್ನ ನೂಲು ಹಗ್ಗದ ಕೆಲಸ.

ಒಂದು ವರ್ಷ ಪ್ರತಿ ಭಾನುವಾರ ನಾನೇ ಕಟ್ಟಿದೆ, ನಾನೇ ಓಡಿಸಿದೆ, ನಾನೇ ಬಿಚ್ಚಿದೆ. ರೇಸಿನ ಜಾಗದಲ್ಲಿ ದೊಡ್ಡ ದೊಡ್ಡ ಕಾರಿನವರು ಬಂದು ಅಲ್ಲಾಡಿಸಿ ನೋಡುತ್ತಿದ್ದರು. ಅಲ್ಲಾಡುತ್ತಿರಲಿಲ್ಲ. ಒಬ್ಬರು ಫೋಟೋ ಕೂಡ ತೆಗೆದುಕೊಂಡರು. ಮಗಳು ಆ ಕಡೆ ಕಾಲು ಚಾಚಿ ವಾರ್ಮ್ ಅಪ್ ಮಾಡುತ್ತಿದ್ದರೆ, ಈ ಕಡೆ ನಾನು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಯಾರಾದರೂ ಮಾತಾಡಿಸಲಿ ಎಂದು ನಿಂತಿರುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಆ ಅರ್ಧ ಗಂಟೆ ನನ್ನ ವಾರದ ಸಂಭ್ರಮ.

ಆಮೇಲೆ ಹರ್ನಿಯಾ ಬಂತು. ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಮೂರು ತಿಂಗಳು ಏನೂ ಎತ್ತೋ ಹಾಗಿಲ್ಲ" ಎಂದರು.

"ಮಗಳ ಸೈಕಲ್ ಹತ್ತು ಕೆಜಿನೂ ಇಲ್ಲ ಮೇಡಂ."

"ಎತ್ತೋದು ಮಾತ್ರ ಅಲ್ಲ, ಬಿಗಿಯಾಗಿ ಎಳೆಯೋದೂ ಇಲ್ಲ. ಹೊಲಿಗೆ ಬಿಡತ್ತೆ."

ಪಕ್ಕದಲ್ಲಿದ್ದ ನನ್ನ ಹೆಂಡತಿ, "ಅವರಿಗೆ ಹೇಳ್ಬೇಡಿ ಮೇಡಂ, ನಂಗೆ ಹೇಳಿ. ಅವರ ಕಿವಿ ಚಿಕ್ಕಪೇಟೆಲೇ ಬಿಟ್ ಬಂದಿದಾರೆ" ಎಂದಳು.

ಆಗಲೇ ಗೊತ್ತಾದದ್ದು, ಮಗಳ ವಯಸ್ಸಿನವರಿಗೆ ರಾಜ್ಯ ತಂಡದ ಆಯ್ಕೆ ಇನ್ನು ಮೂರು ವಾರಕ್ಕಿದೆ ಎಂದು. ಅವಳು ಎರಡು ವರ್ಷದಿಂದ ಕಾಯುತ್ತಿದ್ದುದು ಇದಕ್ಕೇ. ಅದಕ್ಕಿಂತ ಮುಂಚೆ ಅಭ್ಯಾಸಕ್ಕೆಂದು ಒಂದು ರೇಸಿತ್ತು. ಹೆಂಡತಿ ಕಾರು ಕಲಿತಿದ್ದಳು, ನನಗಿಂತ ಚೆನ್ನಾಗಿಯೇ ಓಡಿಸುತ್ತಾಳೆ. ಓಡಿಸುವುದೇನೋ ಸರಿ, ಕಟ್ಟುವವರಾರು? ಶನಿವಾರ ಮಧ್ಯಾಹ್ನ ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ತಾಯಿ ಮಗಳಿಗೆ ಹೇಳಿಕೊಡಲು ನೋಡಿದೆ.

"ಕೆಳಗಿಂದ ತಗೊಂಡ್ ಬಾ. ಕೆಳಗಿಂದ ಅಂದ್ರೆ ಕೆಳಗಿಂದ! ಅಯ್ಯೋ, ಅದಲ್ಲ."

"ಯಾವ ಕೆಳಗಿಂದ ಅಪ್ಪ? ಎರಡು ಕೆಳಗಿದೆ ಇಲ್ಲಿ."

"ಈಗ ತುದೀನ ಒಳಗೆ ಮುಚ್ಚಿಡು."

"ಯಾಕ್ರೀ ಮುಚ್ಚಿಡ್ಬೇಕು, ನಿಧಿನಾ ಅದು?" ಎಂದಳು ಹೆಂಡತಿ.

ನಾಲ್ಕು ಸಲ ಕಟ್ಟಿದರು, ನಾಲ್ಕು ಸಲವೂ ಸೈಕಲ್ಲು ತೊಟ್ಟಿಲಿನ ಹಾಗೆ ತೂಗಿತು. ಐದನೆಯದು ಒಂದು ಮಟ್ಟಕ್ಕೆ ನಿಂತಿತು. ಹೋಗಲಿ, ನಿಧಾನವಾಗಿ ಓಡಿಸುತ್ತೇನೆ ಎಂದು ಹೆಂಡತಿ ಕೈ ತೊಳೆದುಕೊಂಡು ಮಾರ್ಕೆಟ್ಟಿಗೆ ಹೋದಳು. ಮಗಳು ಮಲಗಿದಳು.

ನಾನು ಮಾಡಬಾರದ್ದನ್ನು ಮಾಡಿದ್ದು ಆಗಲೇ. ಎದ್ದು ಹೋಗಿ ಅವರ ಗಂಟುಗಳನ್ನೆಲ್ಲ ಬಿಚ್ಚಿದೆ. ಬಂಪರಿಗೆ ಕಾಲು ಕೊಟ್ಟು, ಹಲ್ಲು ಕಚ್ಚಿ ನನ್ನ ಹಗ್ಗ ನಾನು ಕಟ್ಟಿದೆ. ಕಿಬ್ಬೊಟ್ಟೆಯಲ್ಲಿ ಚಳಕ್ ಎಂದಿತು. ಒಂದು ನಿಮಿಷ ಕಾರಿಗೆ ಒರಗಿ ನಿಂತು, ಏನೂ ಆಗದವನ ಹಾಗೆ ಬಂದು ಕುರ್ಚಿಯಲ್ಲಿ ಕೂತೆ. ಮಗಳು ನಾಳೆ ಹೈವೇಯಲ್ಲಿ ಹೋಗುತ್ತಾಳೆ, ಸೈಕಲ್ಲು ಬೀಳಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಅಷ್ಟೇ ಎಂದುಕೊಂಡಿದ್ದೆ.

ರಾತ್ರಿ ಮಳೆ ಬಂತು. ನೂಲು ಹಗ್ಗ ನೀರು ಕುಡಿದರೆ ಊದಿಕೊಂಡು ಗಂಟು ಕಲ್ಲಾಗುತ್ತದೆ. ನನಗೆ ಗೊತ್ತಿಲ್ಲದ್ದೇನಲ್ಲ. ನಾನು ಅಲ್ಲಿ ಇರುವುದಿಲ್ಲ ಎನ್ನುವುದು ಮಾತ್ರ ಮರೆತಿತ್ತು.

ಭಾನುವಾರ ಅವರು ಮನೆಗೆ ಬಂದಾಗ ಸೈಕಲ್ಲು ಕಾರಿನ ಹಿಂದೆ ಇರಲಿಲ್ಲ. ಎರಡೂ ಚಕ್ರ ಬಿಚ್ಚಿ ಹಿಂದಿನ ಸೀಟಿನಲ್ಲಿ ತುರುಕಿದ್ದರು, ಸೀಟಿನ ತುಂಬ ಚೈನಿನ ಗ್ರೀಸು. ಮಗಳು ಇಳಿದವಳೇ ನನ್ನ ಮುಖ ನೋಡದೆ ಒಳಗೆ ಹೋದಳು. ಹೆಂಡತಿ ಒಂದು ತುಂಡು ಹಗ್ಗವನ್ನು ನನ್ನ ತೊಡೆಯ ಮೇಲಿಟ್ಟಳು.

"ಏನಾಯ್ತೇ?"

"ಬಿಚ್ಚಕ್ಕೆ ಆಗ್ಲಿಲ್ಲ. ನಾನು, ಅವಳು, ಅವಳ ಕೋಚು, ಇನ್ನಿಬ್ರು ಗಂಡಸ್ರು. ಉಗುರು ಹೋಯ್ತು. ಕೊನೆಗೆ ರಸ್ತೆ ಪಕ್ಕ ಎಳನೀರು ಮಾರೋರು ಬಂದು ಮಚ್ಚಲ್ಲಿ ಕೊಚ್ಚಿದ್ರು. 'ಯಾರಮ್ಮ ಇದನ್ನ ಕಟ್ಟಿದ್ದು, ಸೈಕಲ್ ಮೇಲೆ ಏನು ದ್ವೇಷ ಅವರಿಗೆ' ಅಂತ ಕೇಳಿದ್ರು. ಅಷ್ಟೊತ್ತಿಗೆ ಅವಳ ಗುಂಪು ಹೊರಟುಹೋಗಿತ್ತು."

"ಓಡಿಸಲೇ ಇಲ್ವಾ?"

"ಹಿಂದೆ ಹಿಂದೆ ಒಬ್ಬಳೇ ಓಡಿಸಿದಳು. ಲೆಕ್ಕಕ್ಕಿಲ್ಲ ಅಂತ ಹೇಳಿದ್ರೂ ಪೂರ್ತಿ ಓಡಿಸಿದಳು."

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ತಿರುಗಿ ಕೂಗಾಡಲು ಆಗುತ್ತಿತ್ತು.

"ನಾನು ಕಟ್ಟಿದ್ದು ನಂಗೆ ಗೊತ್ತಾಗಲ್ವೇನ್ರೀ? ಶನಿವಾರ ನೀವೇ ಎದ್ದು ಕಟ್ಟಿದೀರ. ಹೊಲಿಗೆ ನೋವು ಬಂತಾ ಇಲ್ವಾ, ಅದನ್ನಾದ್ರೂ ನಿಜ ಹೇಳಿ."

"ಸ್ವಲ್ಪ ಬಂತು. ಸೈಕಲ್ ಬೀಳಬಾರದು ಅಂತ ಕಟ್ಟಿದೆ ಕಣೇ."

"ನಮ್ಮ ಗಂಟಲ್ಲೂ ಬೀಳ್ತಿರ್ಲಿಲ್ಲ. ನಿಮ್ಮ ಕೈ ಬಿಟ್ಟು ಬೇರೆ ಯಾರ ಕೈಗೂ ಬಿಚ್ಚಬಾರದು ಅಂತ ಕಟ್ಟಿದೀರ ನೀವು."

ಅವಳಿಗೆ ನನ್ನ ಯಜಮಾನರ ಮಾತು ಗೊತ್ತಿರಲಿಲ್ಲ. ಆದರೂ ಅದನ್ನೇ ಹೇಳಿದಳು. ನನ್ನ ಕೆಲಸ ಇರುವುದೇ ಕಳ್ಳನ ಕೈಗೆ ಸಿಗದ ಹಾಗೆ ಕಟ್ಟುವುದು. ನಲವತ್ತು ವರ್ಷ ಕಳ್ಳನನ್ನು ನೆನೆಸಿಕೊಂಡು ಕಟ್ಟಿದ ಕೈ, ಹೆಂಡತಿ ಮಗಳು ಬಿಚ್ಚಬೇಕಾದ ಹಗ್ಗವನ್ನೂ ಹಾಗೇ ಕಟ್ಟಿತ್ತು. ಅವಳ ಎರಡು ಬೆರಳಿನ ಉಗುರು ಕಿತ್ತುಹೋಗಿ ರಕ್ತ ಒಣಗಿತ್ತು.

ಆಯ್ಕೆಗೆ ಎರಡು ವಾರವಿತ್ತು. ಬುಧವಾರ ನಾನೇ, "ನಡೀರಿ, ಆ ಅಂಗಡಿಗೆ ಹೋಗೋಣ" ಎಂದೆ. ಮಗಳು ಅಭ್ಯಾಸಕ್ಕೆ ಹೊರಟಿದ್ದವಳು ನಿಂತು, "ಮತ್ತೆ ಅವರ ಹತ್ರ ಜಗಳ ಆಡಕ್ಕಾ?" ಎಂದಳು. ಮೂರು ದಿನದಿಂದ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಅಂಗಡಿಯ ಹುಡುಗ ಗುರುತು ಹಿಡಿದುಬಿಟ್ಟ. "ಅಂಕಲ್, ನೀವು ಅನುಕೂಲ ಕೈಯಲ್ಲಿರಬೇಕು ಅಂದೋರಲ್ವಾ?"

"ಹೌದಪ್ಪ. ಅವತ್ತು ಯಾರ ಕೈ ಅಂತ ಹೇಳೋದು ಮರೆತಿದ್ದೆ" ಎಂದೆ. ಹೆಂಡತಿಯನ್ನು ಮುಂದೆ ಬಿಟ್ಟೆ. "ಇವರಿಗೆ ತೋರಿಸು. ಇವರೇ ಎತ್ತಲಿ, ಇವರೇ ಹಾಕಲಿ. ನೀನು ಸಹಾಯ ಮಾಡಬೇಡ. ನಾನೂ ಮಾಡಲ್ಲ."

ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಸುಲಭವಿರಲಿಲ್ಲ. ಅವಳು ಪಟ್ಟಿಯನ್ನು ತಿರುವುಮುರುವಾಗಿ ಹಿಡಿದಾಗ ನನ್ನ ಬೆರಳುಗಳು ಹಿಂದೆಯೇ ಒದ್ದಾಡಿದವು. ಅವಳು ತಾನೇ ನೋಡಿ ತಿರುಗಿಸಿಕೊಂಡಳು. ಟಿಕ್ ಟಿಕ್ ಟಿಕ್. ಅಲ್ಲಾಡಿಸಿದಳು. ಒತ್ತಿದಳು, ಬಿಟ್ಟುಕೊಂಡಿತು. ಮತ್ತೆ ಹಾಕಿದಳು, ಈ ಸಲ ಒಂದೇ ಕೈಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟೇನಾ?" ಎಂದಳು. ಒಂದು ವರ್ಷ ಪ್ರತಿ ಭಾನುವಾರ ನಾನು ಮಹಾ ವಿದ್ಯೆ ಎಂದು ತೋರಿಸಿದ್ದನ್ನು ಅವಳು ಒಂದೇ ಶಬ್ದದಲ್ಲಿ ಮುಗಿಸಿದಳು.

ಹುಡುಗ ಬಾಗುವ ಸ್ಟ್ಯಾಂಡನ್ನೂ ತೋರಿಸಿದ. ನಿಜ ಹೇಳಬೇಕೆಂದರೆ ಅವತ್ತು ನಾನು ಅದನ್ನೇ ಕೊಡಿಸುವ ಮನಸ್ಸಿನಲ್ಲಿದ್ದೆ. ತಪ್ಪು ಮಾಡಿದ ಗಂಡಸು ಅಂಗಡಿಯಲ್ಲಿ ಧಾರಾಳಿಯಾಗುತ್ತಾನೆ. ಹೆಂಡತಿಯೇ ಬೇಡವೆಂದಳು.

"ಡಿಕ್ಕಿಲಿ ಇರೋದು ಒಂದು ಚೀಲ, ಒಂದು ಪಂಪು. ಹಿಂದಿನ ಸೀಟಲ್ಲಿ ಹಾಕಿದ್ರಾಯ್ತು. ಅದಕ್ಕೆ ಯಾಕ್ರೀ ಅಷ್ಟೊಂದು?"

ಟಿಕ್ ಟಿಕ್ ಪಟ್ಟಿಯದನ್ನೇ ಕೊಂಡು ತಂದೆವು. ಯಾರಾದರೂ ಈಗ ನನ್ನನ್ನು ಕೇಳಿದರೆ ಹೇಳುವುದು ಇಷ್ಟೇ. ಬಾಗುವ ಸ್ಟ್ಯಾಂಡು ನಮಗೆ ದಂಡ. ಡಿಕ್ಕಿಯ ತುಂಬ ಸಾಮಾನು ಒಯ್ಯುವವರಿಗೆ ಬೇಕಾಗಬಹುದು. ಬೀಗದ ವಿಷಯದಲ್ಲಿ ನನಗೆ ಇನ್ನೂ ನಂಬಿಕೆ ಬಂದಿಲ್ಲ, ಅಷ್ಟು ಸಣ್ಣ ಬೀಗದ ಕೈಯನ್ನು ನಾವೇ ಕಳೆದುಕೊಳ್ಳುತ್ತೇವೆ. ಪಟ್ಟಿ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಕೊಳ್ಳುವ ಮೊದಲು ಮನೆಯಲ್ಲಿ ಅದನ್ನು ಯಾರು ಹಾಕಿ ತೆಗೆಯುತ್ತಾರೋ ಅವರನ್ನೇ ಕರೆದುಕೊಂಡು ಹೋಗಿ, ನೀವು ಕೈ ಕಟ್ಟಿಕೊಂಡು ನಿಲ್ಲಿ.

ಆಯ್ಕೆಯ ದಿನ ನಸುಕಿನಲ್ಲಿ ತಾಯಿ ಮಗಳು ಸೈಕಲ್ಲು ಕೂರಿಸಿದರು. ನಾನು ಹಾಲು ಕಾಯಿಸಿ ಕಾಫಿ ಬೆರೆಸಿ ತರುವಷ್ಟರಲ್ಲಿ ಮುಗಿದಿತ್ತು. ಅಲ್ಲಾಡಿಸಿ ನೋಡಲೇ ಎಂದು ಕೈ ಮುಂದಾಯಿತು. ಕಾಫಿ ಲೋಟ ಕೈಯಲ್ಲಿದ್ದದ್ದು ಒಳ್ಳೆಯದಾಯಿತು.

ಆಗ ಮಗಳು ಹಿಂದೆ ಬಂದು ನೋಡಿ, "ಅಪ್ಪ, ನಂಬರ್ ಪ್ಲೇಟು!" ಎಂದಳು. ಹಳೇ ಕಬ್ಬಿಣದ ಚೌಕಟ್ಟಿನ ಜೊತೆ ಆ ಎರಡನೇ ಪ್ಲೇಟನ್ನೂ ಬಿಚ್ಚಿ ಇಟ್ಟಿದ್ದೆವು. ಈ ಹೊಸ ಸ್ಟ್ಯಾಂಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಇಷ್ಟೆಲ್ಲ ಅನುಕೂಲ ಮಾಡಿದವರಿಗೆ ನಮ್ಮ ಪೊಲೀಸರು ಹೊಳೆದಿರಲಿಲ್ಲ.

"ಸೈಕಲ್‌ಗೇ ಕಟ್ಟಿಬಿಡಿ. ಎಳೀಬೇಡಿ, ಸುಮ್ನೆ ಕಟ್ಟಿ" ಎಂದು ಹೆಂಡತಿ ಸ್ಟೇರಿಂಗ್ ಹಿಂದಿನಿಂದಲೇ ಕೂಗಿದಳು.

ಮೊಳೆಗೆ ತೂಗುಹಾಕಿದ್ದ ಹಗ್ಗದಿಂದ ಒಂದು ಮೊಳ ಕತ್ತರಿಸಿ ತಂದೆ. ಪ್ಲೇಟಿನ ತೂತಿನಲ್ಲಿ ತೂರಿಸಿ, ಸೈಕಲ್ಲಿನ ಪೈಪಿಗೆ ಸುತ್ತಿದೆ. ಕೈ ತನ್ನ ಪಾಡಿಗೆ ತಾನು ತುದಿಯನ್ನು ಒಳಗೆ ಮುಚ್ಚಿಡಲು ಹೊರಟಿತು. ತಡೆದೆ. ಬಿಚ್ಚಿ ಮತ್ತೆ ಕಟ್ಟಿದೆ. ಅವರು ಹೊರಟರು. ಬೀದಿಯ ತಿರುವಿನವರೆಗೆ ಪ್ಲೇಟನ್ನೇ ನೋಡುತ್ತಾ ನಿಂತಿದ್ದೆ.

ಮಧ್ಯಾಹ್ನ ಮಗಳ ಫೋನು ಬಂತು. ಆರನೆಯವಳಾಗಿ ಬಂದಿದ್ದಳು. ತಂಡಕ್ಕೆ ಐದು ಜನ ಸಾಕಂತೆ.

"ಹೋಗ್ಲಿ ಬಿಡಮ್ಮ."

"ಹೋಗ್ಲಿ ಅಂತೇನಿಲ್ಲ. ಕೊನೇ ಏರಲ್ಲಿ ನನ್ನ ಕಾಲೇ ಕೈ ಕೊಡ್ತು. ಟೈಮಿಗೆ ಮುಂಚೇನೇ ಹೋಗಿದ್ವಿ, ಚೆನ್ನಾಗಿ ವಾರ್ಮ್ ಅಪ್ ಮಾಡಿದ್ದೆ, ಎಲ್ಲ ಸರಿ ಇತ್ತು. ಸೋತಿದ್ದು ನಾನೇ. ಮುಂದಿನ ವರ್ಷ ಏರು ಜಾಸ್ತಿ ಓಡಿಸಬೇಕು." ಅಳು ನುಂಗಿಕೊಂಡ ದನಿಯಲ್ಲೂ ಒಂದು ಹಟವಿತ್ತು. ಆಮೇಲೆ ಕೇಳಿದಳು: "ಅಪ್ಪ, ಆ ಪ್ಲೇಟಿನ ಹಗ್ಗ ತುದಿ ಎಳೆದ ತಕ್ಷಣ ಸರ್ರ್ ಅಂತ ಬಿಚ್ಕೊಂತು. ನಿನ್ನ ಗಂಟೇನಾ ಅದು?"

"ಹೂಂ, ನಂದೇ" ಎಂದೆ. "ದಾರೀಲಿ ಬೀಳಲಿಲ್ಲ ತಾನೇ?"

"ಇಲ್ಲ."